ಎರಡು ಹೆಸರಿನ ಗಂಡ

"ನಿಮ್ಮ ಯಜಮಾನ್ರು ಈ ದೇಶಕ್ಕೆ ಮೊದಲನೇ ಸಲ ಬಂದಿದ್ದು ಎರಡು ಸಾವಿರದ ಒಂದನೇ ಇಸವಿ, ಮಾರ್ಚ್ ಒಂಬತ್ತಕ್ಕೆ. ಇಲ್ಲಿ ಹಾಗೇ ಇದೆ," ಎಂದಳು ಪಿಂಚಣಿ ಕಚೇರಿಯ ಮೇಜಿನಾಚೆಯ ಹೆಂಗಸು, ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ಈ ಕಡೆಗೆ ತಿರುಗಿಸುತ್ತ.

ಸಿಯೆನಿ ಪರದೆಯನ್ನು ನೋಡಲಿಲ್ಲ. ಪಕ್ಕದ ಗಾಲಿಕುರ್ಚಿಯಲ್ಲಿ ಕೂತಿದ್ದ ಗಂಡನ ಬಾಯಿಯ ಮೂಲೆ ಒರೆಸಿದಳು. ಮಾರ್ಚ್ ಒಂಬತ್ತು ಅವಳಿಗೂ ನೆನಪಿತ್ತು. ಅವತ್ತು ಅವನು ಹುಟ್ಟಿದ ನೆಲ ಸಮೋವಾದಲ್ಲಿ ಮನೆತನದ ಪಟ್ಟ ಕಟ್ಟಿಸಿಕೊಂಡು, ದಾರಿಯಲ್ಲಿ ಆಕ್ಲೆಂಡಿನಲ್ಲಿಳಿದು ಪಟ್ಟದಿಂದ ಬಂದ ಹೊಸ ಹೆಸರಿನ ನ್ಯೂಜಿಲೆಂಡ್ ಪಾಸ್‌ಪೋರ್ಟ್ ಮಾಡಿಸಿಕೊಂಡು, ಬ್ರಿಸ್ಬೇನಿಗೆ ವಾಪಸು ಬಂದಿದ್ದ. ವಾಪಸು. ಅದಕ್ಕೆ ಮುಂಚೆ ಮೂರು ವರ್ಷ ಇಬ್ಬರೂ ಇದೇ ವುಡ್‌ರಿಜ್‌ನ ಒಂದು ಕೋಣೆಯಲ್ಲಿ ಸಂಸಾರ ಮಾಡಿದ್ದರಲ್ಲ, ಆ ಮೂರು ವರ್ಷ ಯಾರ ಲೆಕ್ಕಕ್ಕೆ ಹೋಯಿತು ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ತೋರಿಸಿದರೆ ಕೆಲಸ ಕೆಡುತ್ತದೆಂದು ನುಂಗಿಕೊಂಡಳು.

ಮೇಜಿನಾಚೆಯವಳು ಕೆಟ್ಟವಳಲ್ಲ. ನಿಯಮವನ್ನು ಎರಡು ಸಲ ನಿಧಾನವಾಗಿ ಹೇಳಿದಳು. ನ್ಯೂಜಿಲೆಂಡ್ ಪಾಸ್‌ಪೋರ್ಟಿನವರು ಇಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು. ಆದರೆ ಕೈಕಾಲು ಬಿದ್ದುಹೋಗಿ ಪಿಂಚಣಿ ಕೇಳಬೇಕಾದರೆ, ಎರಡು ಸಾವಿರದ ಒಂದರ ಫೆಬ್ರವರಿ ಇಪ್ಪತ್ತಾರರಂದು ಈ ನೆಲದ ಮೇಲಿದ್ದಿರಬೇಕು. ಆ ದಿನ ಹೊರಗೆ ಹೋಗಿದ್ದವರು, ಅದರ ಹಿಂದಿನ ಎರಡು ವರ್ಷಗಳಲ್ಲಿ ಒಟ್ಟು ಒಂದು ವರ್ಷವಾದರೂ ಇಲ್ಲಿ ಇದ್ದೆವೆಂದು ತೋರಿಸಬೇಕು.

"ತವಿತಾ ಫಾಲೆಯಾಫಾ ಅನ್ನೋರೊಬ್ರು ತೊಂಬತ್ತೆಂಟರಲ್ಲಿ ಬಂದಿದ್ದಾರೆ," ಎಂದಳು. "ಎರಡು ಸಾವಿರದ ಡಿಸೆಂಬರಲ್ಲಿ ಹೋದ್ರು, ಮತ್ತೆ ಬರ್ಲೇ ಇಲ್ಲ. ಮಾರ್ಚಲ್ಲಿ ಬಂದೋರು ತಾಲಿಮಾಲೊ ತವಿತಾ. ಇಬ್ರೂ ಒಬ್ರೇ ಅಂತ ನಾನು ನಂಬ್ತೀನಮ್ಮ. ನಾನು ನಂಬಿದ್ರೆ ಸಾಲದು, ಕಾಗದ ಬೇಕು."

ಹಳೆಯ ಪಾಸ್‌ಪೋರ್ಟ್, ಮನೆ ಬಾಡಿಗೆಯ ಚೀಟಿ, ಮೊದಲ ಕಾರ್ಖಾನೆಯ ಗುರುತಿನ ಕಾರ್ಡು, ಎಲ್ಲವೂ ಹೋದ ವರ್ಷ ನದಿ ಉಕ್ಕಿ ಮನೆಯೊಳಗೆ ನುಗ್ಗಿದಾಗ ಕೆಸರಾಗಿ ಹೋಗಿದ್ದವು. ಉಳಿದದ್ದು ಒಂದೇ ದಾರಿ. ಪಟ್ಟ ಕೊಟ್ಟ ಮನೆತನದ ಹಿರಿಯರು, ಈ ಎರಡು ಹೆಸರೂ ಒಬ್ಬನದೇ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಹದಿನಾಲ್ಕು ದಿನದೊಳಗೆ. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ.

ಮನೆತನದ ಹಿರಿಯ ಎಂದರೆ ಈಗ ಸಮೋವಾದಲ್ಲಿರುವ ತವಿತಾನ ಅಣ್ಣ ಲಾಫಾಯೆಲೆ. ಅಣ್ಣತಮ್ಮಂದಿರು ಮಾತು ಬಿಟ್ಟು ಹದಿನೇಳು ವರ್ಷವಾಗಿತ್ತು. ಆಗ ಹಿರಿಯನಾಗಿದ್ದ ಚಿಕ್ಕಪ್ಪ ಪಟ್ಟವನ್ನು ಊರಲ್ಲೇ ಉಳಿದ ಅಣ್ಣನಿಗೆ ಕೊಡದೆ, ಹೊರದೇಶದಿಂದ ದುಡಿದು ಕಳಿಸುತ್ತಿದ್ದ ತಮ್ಮನಿಗೆ ಕಟ್ಟಿದ್ದ. ಲಾಫಾಯೆಲೆ ಆ ಸಮಾರಂಭಕ್ಕೆ ಹಂದಿ ಹಿಡಿದುಕೊಟ್ಟ, ಒಲೆ ಹಾಕಿದ, ಬಡಿಸಿದ, ಆಮೇಲೆ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಫೋನ್ ಮಾಡಲು ಸಿಯೆನಿಗೆ ನಾಲ್ಕು ದಿನ ಬೇಕಾಯಿತು. ಈ ನಾಲ್ಕು ದಿನವೂ ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ಕಾರ್ಖಾನೆಗೆ ಹೋಗುವಾಗ ಎಂದಿನಂತೆ ಗಂಡನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು. ಒಂಬತ್ತು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವಳ ದಿನಚರಿ ಇದೇ. ಬೀಗ ಹಾಕದೆ ಹೋದರೆ ಅವನು ಬಾಗಿಲು ತೆಗೆದು ರಸ್ತೆಗೆ ಉರುಳುತ್ತಾನೆಂದು ಭಯ. ಬೀಗ ಹಾಕಿದರೆ ಇನ್ನೊಂದು ಭಯ. ಜೂನ್ ತಿಂಗಳಲ್ಲಿ ಒಂದು ದಿನ ಕೆಲಸದಿಂದ ಬಂದಾಗ ಅವನು ಬಚ್ಚಲಿನ ನೆಲದ ಮೇಲೆ ಬಿದ್ದಿದ್ದ. ಬಿದ್ದು ಆರು ಗಂಟೆಯಾಗಿತ್ತು. ಮೈ ತಣ್ಣಗಾಗಿತ್ತು. ಬಾಯಲ್ಲಿ ಶಬ್ದವಿರಲಿಲ್ಲ, ಕಣ್ಣಿಂದ ನೀರು ಸುರಿಯುತ್ತಿತ್ತು. ಅವತ್ತು ಅವಳು ಅವನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತಿದ್ದಳು. ಪಿಂಚಣಿ ಸಿಕ್ಕರೆ ಕೆಲಸ ಬಿಟ್ಟು ಮನೆಯಲ್ಲಿರಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕಾರ್ಖಾನೆಯಲ್ಲಿ ಅವಳ ಜೊತೆ ಬಟ್ಟೆ ಮಡಚುವ ಲಿತಾರಾಳಿಗೆ ಇದೆಲ್ಲ ಗೊತ್ತಿತ್ತು. "ಫೋನ್ ಮಾಡೇ, ಮಹಾರಾಣಿ," ಎಂದು ಚುಚ್ಚಿದಳು. "ಪಟ್ಟದ ಹೆಂಡ್ತಿ ಅಂತ ಮೂಗು ಮೇಲೆತ್ತಿಕೊಂಡು ಓಡಾಡಿದ್ದು ಸಾಕು. ಹೆಸರನ್ನೇನು ಬೇಯಿಸ್ಕೊಂಡು ತಿಂತೀಯಾ?" ಸಿಯೆನಿ ಹಾಸಿಗೆಬಟ್ಟೆಯ ತನ್ನ ಕಡೆಯ ತುದಿಯನ್ನು ಜೋರಾಗಿ ಎಳೆದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟು, ಸ್ಪೀಕರ್ ಹಾಕಿದಳು. ಭಾವ ಹೇಳುವುದನ್ನು ಬರೆದುಕೊಳ್ಳಲು ಪೆನ್ನು ಹಿಡಿದಳು. ತವಿತಾ ಕಿಟಕಿಯ ಬಳಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಊರಿಕೊಂಡು ನಿದ್ದೆಹೋದಂತಿದ್ದ.

ಲಾಫಾಯೆಲೆ ಮೊದಲು ಅವಳ ಆರೋಗ್ಯ ಕೇಳಿದ. ತಮ್ಮನ ಕಾಲಿನ ಬಗ್ಗೆ ಕೇಳಿದ, ಊಟ ಸೇರುತ್ತದೆಯೇ ಎಂದು ಕೇಳಿದ. ದನಿ ಮೆತ್ತಗಿತ್ತು. ಅವಳು ವಿಷಯವನ್ನೆಲ್ಲ ಹೇಳಿ ಮುಗಿಸುವತನಕ ನಡುವೆ ಬಾಯಿ ಹಾಕಲಿಲ್ಲ.

"ಸತ್ಯಕ್ಕೆ ಪ್ರಮಾಣ ಮಾಡೋಕೆ ನಂಗೇನು ಕಷ್ಟ ಇಲ್ಲಮ್ಮ," ಎಂದ ಕೊನೆಗೆ. "ಆದ್ರೆ ಊರ ಸಭೆಮನೇಲಿ ತಾಲಿಮಾಲೊ ಒರಗಿ ಕೂರಬೇಕಾದ ಕಂಬ ಹದಿನೇಳು ವರ್ಷದಿಂದ ಖಾಲಿ ನಿಂತಿದೆ. ಅವನು ಇನ್ನು ಬಂದು ಕೂರೋದುಂಟಾ? ಪಟ್ಟ ಇಳಿಸ್ತೀನಿ, ಅಣ್ಣನ ಮಗನಿಗೆ ಬಿಡ್ತೀನಿ ಅಂತ ಒಂದು ಹಾಳೇಲಿ ಹೆಬ್ಬೆಟ್ಟು ಒತ್ತಿಸಿ ಕಳಿಸು. ಅದು ಕೈಸೇರಿದ ದಿನವೇ ನನ್ನ ಕಾಗದ ಹೊರಡುತ್ತೆ."

"ಭಾವ, ಅವ್ರಿಗೆ ಉಳಿದಿರೋದು ಅದೊಂದೇ."

"ನಿಂಗೇನು ಉಳಿದಿದೆ ಅಂತ ಯೋಚನೆ ಮಾಡಮ್ಮ."

ಫೋನ್ ಇಟ್ಟ ಮೇಲೆ ಅವಳು ಗಂಡನ ಕಡೆ ನೋಡಿದಳು. ಅವನು ಅಲುಗಾಡಿರಲಿಲ್ಲ.

ಆಮೇಲಿನ ಮೂರು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಆ ಪಟ್ಟಕ್ಕಾಗಿ ಅವಳೂ ಬೆವರು ಸುರಿಸಿದ್ದಳು. ಅವಳ ತಾಯಿ ಎರಡು ವರ್ಷ ಕೂತು ನೇಯ್ದ, ರೇಷ್ಮೆಯಷ್ಟು ಮೆದುವಾದ ಚಾಪೆಯನ್ನು ಆ ಸಮಾರಂಭದಲ್ಲಿ ಊರಿನವರ ಮುಂದೆ ಬಿಡಿಸಿ ಉಡುಗೊರೆ ಕೊಡಿಸಿದ್ದಳು. ಹಗಲೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಮೇಸ್ತ್ರಿಗಳಿಂದ ಬೈಸಿಕೊಂಡು ಬರುತ್ತಿದ್ದ ಗಂಡನನ್ನು ಜನ ಎದ್ದು ನಿಂತು ತಾಲಿಮಾಲೊ ಎಂದು ಕರೆದಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ನೋಡಲಿಕ್ಕೆಂದೇ ಅವಳು ಚರ್ಚಿನಲ್ಲಿ ಅವನ ಹಿಂದೆ ಕೂರುತ್ತಿದ್ದಳು. ಈಗ ಕೇಳಿದರೆ ಅವನು ಒಲ್ಲೆ ಎನ್ನುತ್ತಾನೆ. ಒಲ್ಲೆ ಎಂದಮೇಲೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಕೇಳುವುದೇ ಬೇಡವೆಂದು ತೀರ್ಮಾನಿಸಿದಳು. ಅಕ್ಷರಗಳು ಅವನಿಗೆ ಇನ್ನು ತಿಳಿಯುವುದಿಲ್ಲವೆಂದು ಡಾಕ್ಟರೇ ಹೇಳಿದ್ದರು.

ಗುರುವಾರ ಮಾರ್ಕೆಟ್ ಕಟ್ಟಡದಲ್ಲಿ, ಬೇಕರಿಗೂ ಔಷಧಿ ಅಂಗಡಿಗೂ ನಡುವೆ ಮಡಚುವ ಮೇಜು ಹಾಕಿಕೊಂಡು ನಿವೃತ್ತ ಮೇಷ್ಟ್ರೊಬ್ಬರು ಕೂರುತ್ತಿದ್ದರು. ಜನರ ಸಹಿಗಳಿಗೆ ಪುಕ್ಕಟೆ ಸಾಕ್ಷಿ ಹಾಕುವುದು ಅವರ ಕೆಲಸ. ಲಾಫಾಯೆಲೆ ತನ್ನೂರಿನ ಪಾದ್ರಿಯಿಂದ ಇಂಗ್ಲಿಷಿನಲ್ಲಿ ಬರೆಸಿ ಇಮೇಲಿನಲ್ಲಿ ಕಳಿಸಿದ್ದ ಹಾಳೆಯನ್ನು ಸಿಯೆನಿ ಅವರ ಮುಂದಿಟ್ಟಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. ಕುರ್ಚಿಯಲ್ಲಿದ್ದವನನ್ನು ನೋಡಿದರು. ಮತ್ತೆ ಓದಿದರು.

"ಇದರಲ್ಲೇನಿದೆ ಅಂತ ಇವರಿಗೆ ಗೊತ್ತಾ?"

"ಗೊತ್ತು ಸಾರ್."

"ನೀವು ಹೇಳಿದ್ರೆ ಆಗಲ್ಲ ತಾಯಿ. ಇವರ ಬಾಯಿಂದಲೇ ಬರಬೇಕು. ನಿಮ್ಮ ಭಾಷೇಲೇ ಕೇಳಿ, ಪರವಾಗಿಲ್ಲ."

ಸಿಯೆನಿ ಕುರ್ಚಿಯ ಮುಂದೆ ಮೊಣಕಾಲೂರಿದಳು. ಹಿಂದೆ ಇನ್ನೂ ಮೂರು ಜನ ಸಾಲಿನಲ್ಲಿ ನಿಂತಿದ್ದರು. ಅದರಲ್ಲಿ ಒಬ್ಬಾಕೆ ಸಮೋವಾದವಳಂತೆ ಕಂಡಿದ್ದರಿಂದ ಸಿಯೆನಿ ದನಿ ತಗ್ಗಿಸಿದಳು.

"ಇದು ಆಸ್ಪತ್ರೆ ಕಾಗದ ಕಣ್ರೀ," ಎಂದಳು ತಮ್ಮ ಭಾಷೆಯಲ್ಲಿ. "ಕಾಲಿಗೆ ವ್ಯಾಯಾಮ ಮಾಡಿಸ್ತಾರಂತೆ. ಆಯ್ತು ಅನ್ನಿ."

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವಳು ಅವನಿಗೆ ಸಣ್ಣಪುಟ್ಟ ಸುಳ್ಳು ಹೇಳಿರಲಿಲ್ಲವೆಂದಲ್ಲ. ಆದರೆ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳಿರಲಿಲ್ಲ. ತವಿತಾ ಅವಳನ್ನು ನೋಡುತ್ತಲೇ ಇದ್ದ. ಬೇಕರಿಯವನು ತಟ್ಟೆ ಬಡಿದ ಸದ್ದಾಯಿತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯದೆ ಕಾಯುತ್ತಿದ್ದರು. ಅವನು ತುಟಿ ಆಡಿಸಿದ, ಶಬ್ದ ಹೊರಡಲಿಲ್ಲ. ಇನ್ನೊಮ್ಮೆ ಆಡಿಸಿದ.

"ಆಯ್ತು," ಎಂದ. ಅವನ ಬಾಯಲ್ಲಿ ಉಳಿದಿದ್ದ ಏಳೆಂಟು ಮಾತುಗಳಲ್ಲಿ ಅದೂ ಒಂದು.

ಎಡಗೈ ಹೆಬ್ಬೆರಳನ್ನು ಅವಳು ಶಾಯಿಗೆ ಒತ್ತಿ ಹಾಳೆಗೆ ಒತ್ತಿಸಿದಳು. ಕೈ ಬಿಗಿಯಲಿಲ್ಲ, ಎಳೆದುಕೊಳ್ಳಲೂ ಇಲ್ಲ. ಮನೆಗೆ ಬಂದು ಸೋಪು ಹಚ್ಚಿ ಆ ಬೆರಳನ್ನು ತೊಳೆಯುವಾಗ ಅವಳು ಅವನ ಮುಖ ನೋಡಲಿಲ್ಲ.

ಹನ್ನೆರಡನೆಯ ದಿನ ಲಾಫಾಯೆಲೆಯ ಪ್ರಮಾಣಪತ್ರವೂ ಇಮೇಲಿನಲ್ಲಿ ಬಂತು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಆರು ವಾರದ ಮೇಲೆ ಕಚೇರಿಯಿಂದ ಪತ್ರ ಬಂತು: ತವಿತಾ ಫಾಲೆಯಾಫಾ, ಅಂಗವಿಕಲರ ಪಿಂಚಣಿ ಮಂಜೂರಾಗಿದೆ. ಸಿಯೆನಿ ಅದನ್ನು ನಿಂತಲ್ಲೇ ಮೂರು ಸಲ ಓದಿದಳು. ಶುಕ್ರವಾರ ಕಾರ್ಖಾನೆಯಲ್ಲಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಡುವಾಗ ಲಿತಾರಾ ಅವಳನ್ನು ತಬ್ಬಿಕೊಂಡು, ಇನ್ನು ನಿದ್ದೆ ಮಾಡೇ ಎಂದಳು. ಶನಿವಾರ ಸಿಯೆನಿ ಇಡೀ ದಿನ ಮನೆಯಲ್ಲಿದ್ದಳು. ಬಾಗಿಲು ಹಗಲೆಲ್ಲ ತೆರೆದೇ ಇತ್ತು. ಗಂಡನ ಕಾಲಿಗೆ ಎಣ್ಣೆ ಹಚ್ಚಿ ನೀವಿದಳು, ತೆಂಗಿನಹಾಲಿನಲ್ಲಿ ಕೆಸುವಿನೆಲೆ ಬೇಯಿಸಿ ಉಣ್ಣಿಸಿದಳು. ಹೇಳಬೇಕು ಎಂದು ಎರಡು ಸಲ ಬಾಯಿ ತೆರೆದಳು. ನಾಳೆ ಹೇಳೋಣ ಎಂದುಕೊಂಡಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಂದಿನಂತೆ ಚರ್ಚಿನ ಹಜಾರದಲ್ಲಿ ಊಟ. ಉದ್ದನೆಯ ಮೇಜಿನ ತುದಿಯಲ್ಲಿ ಪಾದ್ರಿ, ಅವರ ಎರಡೂ ಬದಿಗೆ ಪಟ್ಟವಿದ್ದ ಗಂಡಸರು. ಪಟ್ಟವಿಲ್ಲದವರು ಎಷ್ಟೇ ವಯಸ್ಸಾಗಿದ್ದರೂ ಹಿಂದಿನ ಅಡುಗೆಮನೆಯಲ್ಲಿ ಬಡಿಸುವ ಕೆಲಸಕ್ಕೆ. ಅವರ ಊಟ ಆಮೇಲೆ. ತವಿತಾನಿಗೆಂದು ಪಾದ್ರಿಯ ಎಡಗಡೆ ಒಂದು ಕುರ್ಚಿ ತೆಗೆದು ಜಾಗ ಬಿಟ್ಟಿರುತ್ತಿದ್ದರು. ಪಟ್ಟ ಇಳಿದ ಸುದ್ದಿ ಸಮೋವಾದಿಂದ ಇನ್ನೂ ಇಲ್ಲಿಯವರ ಕಿವಿಗೆ ಬಿದ್ದಿರಲಿಲ್ಲ. ಸಿಯೆನಿ ಅದನ್ನೇ ನೆಚ್ಚಿಕೊಂಡು ಗಾಲಿಕುರ್ಚಿಯನ್ನು ಹಜಾರದೊಳಗೆ ತಳ್ಳಿದಳು.

"ಬನ್ನಿ ತಾಲಿಮಾಲೊ, ಬನ್ನಿ," ಎಂದರು ಪಾದ್ರಿ, ಅರ್ಧ ಎದ್ದು ನಿಂತು.

ಕುರ್ಚಿ ಗಕ್ಕನೆ ನಿಂತಿತು. ಚಕ್ರಕ್ಕೆ ಏನೋ ಸಿಕ್ಕಿತೆಂದು ಸಿಯೆನಿ ಬಗ್ಗಿ ನೋಡಿದಳು. ತವಿತಾ ತನ್ನ ಎಡಗಾಲನ್ನು ಕೆಳಗಿಳಿಸಿ ನೆಲಕ್ಕೆ ಒತ್ತಿ ಹಿಡಿದಿದ್ದ. ಏನ್ರೀ ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಎಡಗೈಯಿಂದ ಚಕ್ರದ ಬಳೆ ಹಿಡಿದು ಜಗ್ಗಿದ. ಒಂದೇ ಕೈಯಾದ್ದರಿಂದ ಕುರ್ಚಿ ಮುಂದೆ ಹೋಗದೆ ನಿಂತಲ್ಲೇ ನಿಧಾನ ತಿರುಗಿ, ಮೇಜಿಗೆ ಬೆನ್ನಾಗಿ ಅಡುಗೆಮನೆಯ ಬಾಗಿಲಿಗೆ ಮುಖಮಾಡಿತು. ಅವನು ಬೆರಳೆತ್ತಿ ಅತ್ತ ತೋರಿಸಿದ.

ಮೇಜಿನ ಸುತ್ತ ಕೂತವರೆಲ್ಲ ತಿರುಗಿ ನೋಡಿದರು. ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರಿನಲ್ಲಿ ಕೇಳಿಬಂದ ಭಾವನ ದನಿಯೂ, ಕಿಟಕಿಯ ಬಳಿ ಇವನು ಮುಚ್ಚಿಕೊಂಡಿದ್ದ ಕಣ್ಣುಗಳೂ ಸಿಯೆನಿಗೆ ನೆನಪಾದವು. ಅವನು ಬೆರಳನ್ನು ಇಳಿಸಲಿಲ್ಲ. ಅವಳು ತಳ್ಳಿದಳು.

ಅಡುಗೆಮನೆಯಲ್ಲಿದ್ದ ಗಂಡಸರು ಏನೂ ತಿಳಿಯದೆ ಸರಿದು ಜಾಗ ಮಾಡಿಕೊಟ್ಟರು. ತವಿತಾ ಕೈ ಚಾಚಿದ. ಒಬ್ಬ ಹಿಂದುಮುಂದು ನೋಡಿ, ಆಗಷ್ಟೇ ತೊಳೆದ ಚಮಚಗಳ ತಟ್ಟೆಯನ್ನೂ ಒಂದು ಬಟ್ಟೆಯನ್ನೂ ಅವನ ತೊಡೆಯ ಮೇಲಿಟ್ಟ. ಅವನು ಒಂದು ಚಮಚವನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಒರೆಸಿ ಪಕ್ಕಕ್ಕಿಟ್ಟು, ಇನ್ನೊಂದನ್ನು ತೆಗೆದುಕೊಂಡ.