ಕೆಂಪು ಬಟ್ಟೆ ಕಟ್ಟಿದ ಪ್ಲಗ್

ಹೊರಡುವ ಹೊತ್ತಿಗೆ ಸೊಸೆ ಅದೇ ಮಾತನ್ನು ಮತ್ತೆ ಹೇಳಿದಳು. "ಮಾವ, ಏನೇ ಆದ್ರೂ ಆ ಪ್ಲಗ್ ಮುಟ್ಟಬೇಡಿ." ಮಾವ ತಲೆಯಾಡಿಸಿದರು. ಬಾಗಿಲವರೆಗೆ ಹೋದವಳು ತಿರುಗಿ ಬಂದು, "ಏನೇ ಆದ್ರೂ," ಅಂದಳು.

ಹಾಸಿಗೆಯಲ್ಲಿದ್ದ ಅತ್ತೆ ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತಾ, "ಇಷ್ಟು ಸಲ ಹೇಳಿದ್ರೆ ಗೋಡೆಗೂ ಬಾಯಿಪಾಠ ಆಗುತ್ತೆ. ಹೋಗಮ್ಮ ತಾಯಿ, ಹೊತ್ತಾಯ್ತು," ಅಂದರು.

ಅತ್ತೆಯ ಉಸಿರಾಟ ನಡೆಯುತ್ತಿದ್ದದ್ದು ಹಾಸಿಗೆ ಪಕ್ಕದ ಆಕ್ಸಿಜನ್ ಮಿಷನ್ನಿನಿಂದ. ಪರದೇಶದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಾದಿನಿ ಕಳಿಸಿಕೊಟ್ಟದ್ದು. ಮಿಷನ್ ಒಳ್ಳೆಯದೇ, ಆದರೆ ಅದು ಅಲ್ಲಿಯ ಕರೆಂಟು ಕುಡಿದು ಬೆಳೆದದ್ದು. ಅದಕ್ಕೆ ಬೇಕಾದದ್ದು ನೂರಹತ್ತು ವೋಲ್ಟ್. ಇಲ್ಲಿಯ ಗೋಡೆ ಕೊಡುವುದು ಅದರ ಎರಡರಷ್ಟು. ನಡುವೆ ಕೂತು ಆ ಬಿರುಸನ್ನು ಇಳಿಸಿಕೊಡಲು ಒಂದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಬೇಕು.

ಇದು ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ಮಿಷನ್ನಿನ ಜೊತೆಗೆ ಔಷಧಿಯನ್ನು ಹಬೆ ಮಾಡಿ ಕೊಡುವ ಚಿಕ್ಕ ಯಂತ್ರವೊಂದು ಬಂದಿತ್ತು. ಅದರ ಚಪ್ಪಟೆ ಪಿನ್ನು ನಮ್ಮ ದುಂಡು ತೂತಿಗೆ ಕೂರುವುದಿಲ್ಲವೆಂದು ಮಾವ ಅಂಗಡಿಯಿಂದ ಅಡಾಪ್ಟರ್ ತಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಯಾವ ಕೆಲಸ ಮುಗಿದರೂ ಗೋಡೆಯನ್ನೋ ಬಾಗಿಲನ್ನೋ ತಟ್ಟಿ "ರೈಟ್!" ಅನ್ನುವುದು ಅಭ್ಯಾಸ. ಅಡಾಪ್ಟರ್ ಸಿಕ್ಕಿಸಿ, ಗೋಡೆ ತಟ್ಟಿ "ರೈಟ್!" ಅಂದರು. ಯಂತ್ರ ಟಪ್ಪೆಂದು ಸುಟ್ಟು ಹೋಯಿತು.

ನೋಡಲು ಬಂದ ಎಲೆಕ್ಟ್ರಿಷಿಯನ್, "ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತೆ ಅಷ್ಟೇ. ಕರೆಂಟು ಅದೇ ಕರೆಂಟು," ಅಂದ. ಅವನು ಅಷ್ಟಕ್ಕೆ ಬಿಟ್ಟ; ಸೊಸೆ ಬಿಡಲಿಲ್ಲ. ಅವನ ಮುಂದೆಯೇ ಮಾವನಿಗೆ ಬಾಯಿಗೆ ಬಂದಂತೆ ಅಂದಳು. "ಇದೇ ದೊಡ್ಡ ಮಿಷನ್ ಆಗಿದ್ರೆ? ಅತ್ತೆ ಜೀವ ತೆಗೀತಿದ್ರಿ ನೀವು!" ಮಾವ ಚಪ್ಪಲಿ ನೋಡುತ್ತಾ ನಿಂತಿದ್ದರು. ಆಮೇಲೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಬಂತು. ದೊಡ್ಡ ಮಿಷನ್ನಿನ ಪ್ಲಗ್ಗಿಗೆ ಸೊಸೆ ತನ್ನ ಹಳೇ ರವಿಕೆ ಹರಿದು ಕೆಂಪು ಬಟ್ಟೆ ಕಟ್ಟಿದಳು. ಕೆಂಪು ಬಟ್ಟೆ ಅಂದರೆ ಅವಳೊಬ್ಬಳೇ ಮುಟ್ಟತಕ್ಕದ್ದು. ಆ ಮನೆಯಲ್ಲಿ "ರೈಟ್" ಅನ್ನುವುದೂ ಅವತ್ತಿಗೇ ನಿಂತಿತು.

ಅವಳು ಕೆಲಸ ಮಾಡುತ್ತಿದ್ದದ್ದು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ. ಅತ್ತೆ ಹಾಸಿಗೆ ಹಿಡಿದಾಗ ಬಿಟ್ಟಿದ್ದಳು. ಗಂಡ ಲಾರಿ ಹತ್ತಿದರೆ ಯಾವಾಗ ಇಳಿಯುತ್ತಾನೋ ದೇವರಿಗೇ ಗೊತ್ತು. ಈಗ ಲ್ಯಾಬಿನ ಮಾಲೀಕರೇ ಕರೆದು, "ಒಂದು ದಿನ ಬಂದು ಕೂತು ನೋಡು. ಕೈ ಮರೆತಿಲ್ಲ ಅಂದ್ರೆ ನಿನ್ನ ಜಾಗ ನಿಂದೇ," ಅಂದಿದ್ದರು.

ಕೈ ಮರೆತಿರಲಿಲ್ಲ, ಮನಸ್ಸು ಮಾತ್ರ ಮುಳ್ಳಿನ ಮೇಲೆ ಕೂತಿತ್ತು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದವಳಿಗೆ, ಬೆಳಿಗ್ಗೆ ಮನೆಯಲ್ಲಿ ಕತ್ತರಿ ಹುಡುಕುವಾಗ ಕಂಡದ್ದು ನೆನಪಾಯಿತು. ಮಾವನ ಮೊಳೆ ಡಬ್ಬಿಯಲ್ಲಿ ಅದೇ ಅಡಾಪ್ಟರ್! ತಾನೇ ಕಸಕ್ಕೆ ಎಸೆದದ್ದನ್ನು ಮಹಾನುಭಾವರು ಹೆಕ್ಕಿ ಇಟ್ಟುಕೊಂಡಿದ್ದಾರೆ. ಹೇಳಿಕೇಳಿ ಹರಿದ ಚಪ್ಪಲಿಯ ಬಾರನ್ನೂ ಬಿಸಾಡದ ಜನ. ಪೆಟ್ಟಿಗೆ ಕೆಟ್ಟರೆ? ಗಾಬರಿಯಲ್ಲಿ ಅಡಾಪ್ಟರ್ ಹಾಕಿ ಗೋಡೆಗೇ ಸಿಕ್ಕಿಸಿದರೆ? ಅವಳು ಮುಂದಿನ ಹಲ್ಲನ್ನು ಸೊಟ್ಟಗೆ ಕೂರಿಸಿ, ಕಿತ್ತು, ಮತ್ತೆ ಕೂರಿಸಿದಳು.

"ಯಾಕಮ್ಮ, ಇರುವೆ ಕಚ್ಚಿದ ಹಾಗೆ ಆಡ್ತೀಯ?" ಪಕ್ಕದ ಮೇಜಿನ ಅಕ್ಕ ಕೇಳಿದಳು.

"ಏನಿಲ್ಲಕ್ಕ."

ಕೆಲಸದ ಮೇಜಿಗೆ ಫೋನು ತರುವಂತಿಲ್ಲ. ಅದು ಹೊರಗಿನ ಬೀರುವಿನಲ್ಲಿ. ಟೀ ಹೊತ್ತಿಗೆ ಹೋಗಿ ತೆಗೆದರೆ ಮಾವನ ಕರೆಗಳು ಒಂದರ ಕೆಳಗೊಂದು ನಿಂತಿದ್ದವು. ನಿಂತಲ್ಲೇ ತಿರುಗಿ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ.

ಅರ್ಧ ಮುಗಿದ ಹಲ್ಲಿನ ಸೆಟ್ಟನ್ನು ಅಕ್ಕನ ಕೈಗೆ ತುರುಕಿ, "ಮನೇಲಿ ಏನೋ ಆಗಿದೆ, ಸಾಹೇಬ್ರಿಗೆ ಹೇಳಿ," ಎಂದು ಓಡಿದಳು. ಆಟೋದವನು ಸಿಗ್ನಲ್ಲಿಗೆಲ್ಲ ಮರ್ಯಾದೆ ಕೊಡುತ್ತಾ ಹೋಗುತ್ತಿದ್ದ. ಅವಳ ಕಣ್ಣ ಮುಂದೆ ಅಡಾಪ್ಟರ್, ಹೊಗೆ, ಬಾಯಿ ತೆರೆದ ಅತ್ತೆ. ಮಾವನನ್ನು ಬೈಯಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿದ್ದವು. ಆಟೋ ನಿಲ್ಲುವ ಮೊದಲೇ ಇಳಿದಳು.

ಬಾಗಿಲು ತೆರೆದೇ ಇತ್ತು. ಮಿಷನ್ನಿನ ಸದ್ದಿಲ್ಲ.

"ಗೋಡೆಗೆ ಹಾಕಿದ್ರಾ? ಸುಟ್ಟುಬಿಟ್ರಾ?" ಹೊಸ್ತಿಲಲ್ಲೇ ಕಿರುಚಿದಳು.

ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಮುಖ ಬೆವತಿತ್ತು. ಕರೆಂಟು ಹೋದಾಗಿನ ಆಪತ್ತಿಗೆಂದು ಇಟ್ಟಿದ್ದ ಚಿಕ್ಕ ಸಿಲಿಂಡರಿಗೆ ಅವರ ನಳಿಕೆ ಸೇರಿತ್ತು. ಮಾವ ಒಂದು ಕೈಯಲ್ಲಿ ಆ ಸಿಲಿಂಡರನ್ನು, ಇನ್ನೊಂದರಲ್ಲಿ ಹೆಂಡತಿಯ ಬೆನ್ನನ್ನು ಹಿಡಿದಿದ್ದರು. ಫೋನು ನೆಲದ ಮೇಲೆ ಬಿದ್ದಿತ್ತು. ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು.

"ಇಲ್ಲಮ್ಮ, ಇಲ್ಲ. ನಾನು ಮುಟ್ಟಿಲ್ಲ," ಅಂದರು ಮಾವ. "ಕಸ ಗುಡಿಸ್ತಿದ್ದೆ, ಪೊರಕೆ ವೈರಿಗೆ ಸಿಕ್ಕಿಹಾಕ್ಕೊಂಡ್ತು. ಪ್ಲಗ್ ಹೊರಗೆ ಬಂತು. ಎಲೆಕ್ಟ್ರಿಷಿಯನ್ನಿಗೂ ಹೇಳಿದೀನಿ, ಬರ್ತಾ ಇದಾನೆ."

ಅವಳು ನೋಡಿದಳು. ಕೆಂಪು ಬಟ್ಟೆಯ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದು ಕೂರಬೇಕಾದ ಪೆಟ್ಟಿಗೆಯ ತೂತು ಅಲ್ಲಿಂದ ಗೇಣುದ್ದ ದೂರ. ಏನೂ ಸುಟ್ಟಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ಮಗುವೂ ಎತ್ತಿ ಸಿಕ್ಕಿಸಬಹುದಿತ್ತು.

"ಮತ್ತೆ ಅದರಲ್ಲೇ ಹಾಕೋದಲ್ವಾ ಮಾವ?"

"ನೀನೇ ಹೇಳಿದ್ದಲ್ಲಮ್ಮ. ಏನೇ ಆದ್ರೂ ಮುಟ್ಟಬೇಡಿ ಅಂತ."

ನಾಲಿಗೆಯ ತುದಿಯ ಮಾತುಗಳೆಲ್ಲ ಅವಳಿಗೇ ತಿರುಗಿ ಬಿದ್ದವು. ಅತ್ತೆಯ ಜೀವಕ್ಕೆ ತಾನೇ ಬೇಲಿ ಹಾಕಿದ್ದೆ ಅಂದುಕೊಂಡಿದ್ದಳು. ಇವತ್ತು ಆ ಬೇಲಿಯೇ ಹೊಲ ಮೇಯುವುದರಲ್ಲಿತ್ತು. ಬಗ್ಗಿ ಪ್ಲಗ್ ಎತ್ತಿಕೊಂಡಳು.

ಅತ್ತೆ ಅವಳ ಸೆರಗು ಹಿಡಿದು ಎಳೆದರು. ಮಾತು ತುಂಡು ತುಂಡಾಗಿ ಬಂತು. "ತಡಿ... ಸಿಲಿಂಡರ್ ಇನ್ನೂ ಇದೆ... ಅವರ ಕೈಲೇ ಹಾಕ್ಸು." ಒಂದು ಉಸಿರು ಎಳೆದುಕೊಂಡು, "ಅವರಿಗೆ ಕರೆಂಟಿಗಿಂತ... ನಿನ್ನದೇ ಭಯ," ಎಂದು ನಕ್ಕರು. ಆ ನಗುವಿಗೂ ಉಸಿರು ಸಾಲಲಿಲ್ಲ.

ಸೊಸೆ ಸಿಲಿಂಡರನ್ನು ತಾನು ಹಿಡಿದುಕೊಂಡು, ಪ್ಲಗ್ಗನ್ನು ಮಾವನ ಅಂಗೈಯಲ್ಲಿಟ್ಟಳು. "ಗೋಡೆಗೆ ಪೆಟ್ಟಿಗೆ ಮಾವ, ಪೆಟ್ಟಿಗೆಗೆ ಇದು. ಅಷ್ಟೇ. ಹಾಕಿ."

ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಚಿಲ್ಲರೆ ಕೊಟ್ಟ ಕೈ ಅದು. ಆದರೂ ಮೊದಲ ಸಲ ತಪ್ಪಿತು, ಎರಡನೆಯ ಸಲ ಕೂತಿತು. ಸ್ವಿಚ್ ಒತ್ತಿದರು. ಮಿಷನ್ ಕೆಮ್ಮಿದ ಹಾಗೆ ಸದ್ದು ಮಾಡಿ, ಆಮೇಲೆ ಗುಯ್ಯೆಂದು ಹಿಡಿದುಕೊಂಡಿತು. ನಳಿಕೆ ಸಿಲಿಂಡರಿನಿಂದ ಮಿಷನ್ನಿಗೆ ಬದಲಾಯಿತು. ಅತ್ತೆಯ ಎದೆ ನಿಧಾನವಾಗಿ ಏರಿ ಇಳಿಯತೊಡಗಿತು.

ಮಾವ ಹೆಂಡತಿಯ ಕಡೆ ನೋಡಲಿಲ್ಲ, ಮಿಷನ್ನಿನ ಕಡೆಯೂ ನೋಡಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದರು, ಈಗ ಬೈಗುಳ ಬರುತ್ತದೋ ಏನೋ ಎಂದು.

ಆ ನೋಟ ಅವಳಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದಳು. "ರೈಟ್, ಮಾವ," ಅಂದಳು.