ತಣ್ಣಗಾದ ಪೈಪು

ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪಿನ ಕಾರ್ಖಾನೆಯ ಬಾಯ್ಲರಿನವನು ಊಟ ಮುಗಿಸಿ ಬಂದಾಗ ಅವನ ಭಾಮೈದ ಕೋಟೆ ಗೆದ್ದವನಂತೆ ನಿಂತಿದ್ದ.

"ಭಾವ, ಉಪ್ಪುನೀರು ಕುದಿಸೋ ತೊಟ್ಟಿಯಿಂದ ಹೊರಗೆ ಬರೋ ಪೈಪು ಸದಾ ಸೋರ್ತಿತ್ತಲ್ಲ, ನಿಲ್ಲಿಸಿಬಿಟ್ಟೆ!"

"ಹೇಗೋ?"

"ಏನಿಲ್ಲ, ಪೈಪಿನ ಕೆಳಗಿನ ಬೆಂಕಿ ಆರಿಸಿದೆ. ತಾನಾಗೇ ನಿಂತುಹೋಯ್ತು."

ಬಾಯ್ಲರಿನವನು ಪೈಪಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಕುದಿಯುವಾಗ ಹೊಟ್ಟೆಯಲ್ಲಿಟ್ಟುಕೊಂಡ ಉಪ್ಪನ್ನು ನೀರು ತಣ್ಣಗಾದೊಡನೆ ಕಕ್ಕಿಬಿಡುತ್ತದೆ. ಒಳಗೆ ಹರಳು ಕಲ್ಲಿನಂತೆ ಬಿಗಿದು ಕೂತಿರಬೇಕು. ಮುಚ್ಚಿದ ಆ ತೊಟ್ಟಿ ಹಬೆ ಹೊರಬಿಟ್ಟು ಉಸಿರಾಡುತ್ತಿದ್ದುದೇ ಈ ಪೈಪಿನಿಂದ.

"ಅಯ್ಯೋ ಮುಟ್ಠಾಳ, ತೊಟ್ಟಿ ಕೆಳಗಿನ ಬೆಂಕಿ?"

"ಅದಾ? ಚೆನ್ನಾಗಿ ಉರೀತಿದೆ ಭಾವ. ಈಗಷ್ಟೇ ಇನ್ನೆರಡು ಬುಟ್ಟಿ ಕಲ್ಲಿದ್ದಲು ಸುರಿದೆ."

ಅವರ ಬೆನ್ನ ಹಿಂದೆ ತೊಟ್ಟಿಯ ತಗಡು ಸಣ್ಣಗೆ ನರಳಿತು.