ತೊಟ್ಟಿಕ್ಕದ ತುಂಡು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ತೂಕದಮ್ಮ ಎಂದೇ ಕರೆಯುತ್ತಿದ್ದರು. ಹಾಗೆಂದು ಮೈತೂಕವೇನೂ ಇರಲಿಲ್ಲ. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಳು. ಮೀನಿನ ತುಂಡುಗಳನ್ನು ತೂಗುವುದು ಅವಳ ಕೆಲಸ. ಮಾರುವುದಕ್ಕಾಗಿ ಅಲ್ಲ. ಒಂದು ತುಂಡು ತನ್ನೊಳಗಿನ ನೀರನ್ನು ಎಷ್ಟು ಬಿಟ್ಟುಕೊಡುತ್ತದೆ, ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುವುದಕ್ಕಾಗಿ.

ಅದಕ್ಕೊಂದು ಕ್ರಮವಿತ್ತು. ದಿನವೂ ಒಂದೇ ಮೀನಿನಿಂದ ಎರಡು ತುಂಡು ಕತ್ತರಿಸಬೇಕು. ಒಂದನ್ನು ಫಾಸ್ಫೇಟ್ ಪುಡಿ ಕರಗಿಸಿದ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಯಾವುದು ಯಾವುದೆಂದು ಎರಡಕ್ಕೂ ಚೀಟಿ ಕಟ್ಟಿ, ಹಿಮಗಟ್ಟಿಸಿ, ಮರುದಿನ ಬಲೆಯ ಚೀಲದಲ್ಲಿ ಕೊಕ್ಕೆಗೆ ತೂಗುಹಾಕಿ ಕೆಳಗೊಂದು ತಟ್ಟೆ ಇಡಬೇಕು. ಹಾಗೇ ಬಿಟ್ಟದ್ದು ತೊಟತೊಟನೆ ನೀರು ಸುರಿಸಿ ಸಂಜೆಯ ಹೊತ್ತಿಗೆ ಸೊರಗಿ ಸಪ್ಪಗಾಗಿರುತ್ತದೆ. ಮುಳುಗಿಸಿದ್ದು ಮಾತ್ರ ಹನಿ ಬಿಡುವುದಕ್ಕೂ ಜಿಪುಣತನ ಮಾಡುತ್ತದೆ. ಹೊಳೆಹೊಳೆಯುತ್ತ, ಮದುಮಗಳ ಕೆನ್ನೆಯಂತೆ ತುಂಬಿಕೊಂಡಿರುತ್ತದೆ.

ಈ ಪುಡಿ ಕರೆಯದೇ ಎಲ್ಲರ ಮನೆಗೂ ಬರುವ ನೆಂಟ. ಚೀಸಿನಲ್ಲಿ ಜಿಡ್ಡು ಬೇರೆಯಾಗದಂತೆ ಕಾಯುವುದು ಅದೇ, ಡಬ್ಬಿಯ ಮಾಂಸವನ್ನು ಮೆತ್ತಗಿಡುವುದು ಅದೇ, ಬಾಯ್ಲರಿನೊಳಗೆ ಸುಣ್ಣ ಕಟ್ಟದಂತೆ ತಡೆಯುವುದೂ ಅದರದೇ ಜಾತಿ. ಮೂತ್ರಪಿಂಡ ನೆಟ್ಟಗಿದ್ದವರು ತಿಂದು ಅರಗಿಸಿಕೊಂಡು ಮರೆತುಬಿಡುತ್ತಾರೆ. ತೂಕದಮ್ಮನ ಅಕ್ಕನಿಗೆ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು.

ಅಮ್ಮ ತೀರಿಹೋದಾಗ ತಂಗಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಂದಿನಿಂದ ಅಕ್ಕನೇ ಅಮ್ಮ. "ಇನ್ನೊಂದೇ ತುತ್ತು, ಇನ್ನೊಂದೇ ತುತ್ತು" ಎಂದು ರಮಿಸಿ ರಮಿಸಿ ಉಣಿಸಿದವಳು. ಇದೇ ಕಾರ್ಖಾನೆಯ ಮುಳುಗಿಸುವ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದು, ತಂಗಿಗೂ ಇಲ್ಲೇ ಕೆಲಸ ಕೊಡಿಸಿದವಳು. ಈಗ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು, ತೊಳೆಸಿಕೊಂಡು ಬರುತ್ತಿದ್ದಳು. ನೀರು ಅಳೆದು ಕುಡಿಯಬೇಕು. ಬೆಳಿಗ್ಗೆ ಎದ್ದ ಕೂಡಲೇ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಫಾಸ್ಫೇಟ್ ಬೆರೆತದ್ದನ್ನು ಬಾಯಿಗೆ ಹಾಕಬಾರದು. ಅದು ರಕ್ತದಲ್ಲಿ ಏರಿದರೆ ಮೈ ನವೆ, ಮೂಳೆ ಪುಡಿ, ಕೊನೆಗೆ ಎದೆಗೇ ಕುತ್ತು ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು.

ಮೀನಿಲ್ಲದೆ ಅಕ್ಕನ ಗಂಟಲಲ್ಲಿ ಊಟ ಇಳಿಯದು. ಅಂಗಡಿಯ ಮೀನನ್ನು ತೂಕದಮ್ಮ ನಂಬಳು. ಹಾಗಾಗಿ ಪರೀಕ್ಷೆ ಮುಗಿದ ಮೇಲೆ, ಮುಳುಗಿಸದೆ ಬಿಟ್ಟ ಆ ಸೊರಗಿದ ತುಂಡನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದಳು. ಡಾಕ್ಟರಮ್ಮನೂ ಒಪ್ಪಿದ್ದರು, ಅಷ್ಟು ಚಿಕ್ಕ ತುಂಡು ಪರವಾಗಿಲ್ಲ ಎಂದು.

"ಏನೇ ಇದು, ನಾರು ಜಗಿದ ಹಾಗಿದೆ," ಎನ್ನುತ್ತಿದ್ದಳು ಅಕ್ಕ. ಒಂದು ಬೆಳಿಗ್ಗೆಯಂತೂ ತಟ್ಟೆಯನ್ನೇ ತಳ್ಳಿದಳು. "ಸಾಯೋಕ್ ಮುಂಚೆ ನಿನ್ನ ಕೈಯಿಂದ ಒಂದು ದಿನ ರುಚಿಯಾಗಿರೋದು ತಿನ್ಸೇ, ಪುಣ್ಯ ಬರುತ್ತೆ."

ಚೆಲ್ಲಿದ್ದನ್ನು ಒರೆಸಿ, ಅಕ್ಕನ ಹಾಸಿಗೆ ಬದಲಿಸಿ, ಓಡಿಹೋದರೆ ಬಸ್ಸು ತಪ್ಪಿತ್ತು. ನಿಲ್ದಾಣದಲ್ಲಿ ಏದುಸಿರು ಬಿಡುತ್ತ ನಿಂತ ತೂಕದಮ್ಮನ ಮನಸ್ಸಿನಲ್ಲಿ ಒಂದು ಮಾತು ಹಾದುಹೋಯಿತು: ಇದೆಲ್ಲ ಒಮ್ಮೆ ಮುಗಿದುಹೋಗಲಿ. ತಕ್ಷಣ ಬಾಯಿ ಮುಚ್ಚಿಕೊಂಡಳು, ಯಾರೋ ಕೇಳಿಸಿಕೊಂಡಂತೆ. ಸುತ್ತ ಯಾರೂ ಇರಲಿಲ್ಲ.

ಅದಾಗಿ ಎರಡು ದಿನಕ್ಕೆ, ಮುಳುಗಿಸದ ತುಂಡಿನ ಕೆಳಗಿನ ತಟ್ಟೆ ಒಣಗಿತ್ತು.

ಚೀಟಿ ಅದಲುಬದಲಾಗಿರಬೇಕು ಎಂದುಕೊಂಡು ಪಕ್ಕದ ತಟ್ಟೆ ನೋಡಿದಳು. ಅದೂ ಒಣಗಿತ್ತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತುಂಡನ್ನು ಒತ್ತಿದರೆ ಬೆರಳನ್ನು ಮೆತ್ತಗೆ ಹಿಂದಕ್ಕೆ ತಳ್ಳುತ್ತಿತ್ತು. ತಾನೇ ಕತ್ತರಿಸಿದ್ದು, ತಾನೇ ಚೀಟಿ ಕಟ್ಟಿದ್ದು. ಮುಳುಗಿಸಿಲ್ಲ ಎಂದು ಎಲ್ಲಿ ಬೇಕಾದರೂ ಆಣೆ ಇಡಬಲ್ಲಳು. ಈ ಸಲದ ಮೀನೇ ಹೀಗಿರಬಹುದು ಎಂದು ಸಮಾಧಾನ ಮಾಡಿಕೊಂಡು ಮನೆಗೊಯ್ದಳು. ತಪ್ಪು ಮಾಡಿದ್ದು ಅಲ್ಲಿ.

ಅಕ್ಕ ತಟ್ಟೆ ಬಳಿದು ತಿಂದಳು. ತಂಗಿಯ ಮುಖವನ್ನೇ ಒಂದು ಗಳಿಗೆ ನೋಡಿ, ಕೈ ತೊಳೆದುಕೊಂಡು ಮಲಗಿದಳು.

ಮೂರು ವಾರ ಕಳೆಯುವಷ್ಟರಲ್ಲಿ ಅಕ್ಕನ ಕೆನ್ನೆ ತುಂಬಿಕೊಂಡಿತು. ಹಣೆಯ ಗೆರೆಗಳು ಮಾಯವಾದವು. ಕೈಯ ಮೇಲೆ ನರಗಳೇ ಕಾಣದಂತೆ ಚರ್ಮ ನುಣುಪಾಗಿ ಹೊಳೆಯತೊಡಗಿತು. "ನಿಮ್ಮಕ್ಕ ಹತ್ತು ವರ್ಷ ಚಿಕ್ಕೋರಾಗಿಬಿಟ್ರಲ್ರೀ," ಎಂದಳು ಪಕ್ಕದ ಮನೆಯಾಕೆ. ಅಂಥ ಹೊಳಪನ್ನು ತೂಕದಮ್ಮ ದಿನವೂ ಕೊಕ್ಕೆಯಲ್ಲಿ ನೋಡುತ್ತಿದ್ದಳು. ಬೆಳಗಿನ ತೂಕ ಏರುತ್ತಲೇ ಇತ್ತು. ಅಕ್ಕ ಮಲಗಿದಲ್ಲೇ ಮೊಣಕೈ ಕೆರೆದುಕೊಳ್ಳುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು.

"ರಕ್ತದಲ್ಲಿ ಫಾಸ್ಫೇಟ್ ಎರಡರಷ್ಟಾಗಿದೆ. ಏನಮ್ಮ ತಿನ್ನಿಸ್ತಾ ಇದ್ದೀರ?" ಎಂದು ಡಾಕ್ಟರಮ್ಮ ಗದರಿದರು.

ಅದೇ ಮಧ್ಯಾಹ್ನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೂಡ ಹಾಳೆಗಳನ್ನು ಹಿಡಿದು ಬಂದ. "ಎರಡೂ ತುಂಡಿಗೆ ಒಂದೇ ಲೆಕ್ಕ ಬರ್ತಿದೆಯಲ್ರೀ! ಪುಡಿ ಹಾಕಿದ್ರೂ ಅಷ್ಟೇ, ಹಾಕ್ದಿದ್ರೂ ಅಷ್ಟೇ ಅಂತ ಬರೆದು ಕಳಿಸ್ಲಾ ಮೇಲಿನೋರಿಗೆ?"

"ಯಾರೋ ಬೇಕಂತ್ಲೇ ಮುಳುಗಿಸ್ತಿದ್ದಾರೆ ಸಾರ್," ಎಂದಳು ತೂಕದಮ್ಮ. ನೆಲ ತೊಳೆಯುವ ಹೆಂಗಸಿನ ಮೇಲೆ ಅವಳಿಗೆ ಒಳಗೊಳಗೇ ಗುಮಾನಿಯಿತ್ತು. "ಈ ಕೋಣೆಯ ಕ್ಯಾಮೆರಾ ಚಿತ್ರ ತೆಗೆಸಿ ನೋಡಿ. ಸಿಕ್ಕಿದ್ರೆ ನಾನು ಸುಮ್ನೆ ಬಿಡಲ್ಲ."

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಅವಳನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಹಿಂದಿನ ವಾರದ ಮೂರು ದಿನಗಳನ್ನು ಒಂದಾದ ಮೇಲೊಂದು ತೋರಿಸಿದ.

ಪರದೆಯ ಮೇಲೆ ಪರೀಕ್ಷೆಯ ಕೋಣೆ. ಬಿಳಿ ಕೋಟು, ಬಿಳಿ ಟೊಪ್ಪಿಯ ಹೆಂಗಸೊಬ್ಬಳು ಎರಡು ತುಂಡು ಕತ್ತರಿಸಿದಳು. ಒಂದನ್ನು ಬಕೆಟ್ಟಿನಲ್ಲಿ ಮುಳುಗಿಸಿದಳು. ಗಡಿಯಾರ ನೋಡಿದಳು. ಇನ್ನೊಂದನ್ನು ಬಲಗೈಯಲ್ಲಿ ಎತ್ತಿಕೊಂಡು ಅದೇ ಬಕೆಟ್ಟಿಗೆ ಇಳಿಸಿ, ಅರ್ಧ ಗಂಟೆ ಕದಲದೆ ನಿಂತಳು. ಆಮೇಲೆ ಎತ್ತಿ, ಒರೆಸಿ, ಮುಳುಗಿಸಿಲ್ಲ ಎಂಬ ಚೀಟಿಯನ್ನು ಅಚ್ಚುಕಟ್ಟಾಗಿ ಕಟ್ಟಿದಳು. ಕೈಯನ್ನು ಮೂರು ಸಲ ಕೊಡವಿದಳು. ಹಾಗೆ ಕೊಡವುವುದು ಇಡೀ ಕಾರ್ಖಾನೆಯಲ್ಲಿ ತೂಕದಮ್ಮ ಒಬ್ಬಳೇ.

"ನನಗೆ... ಇದು ನೆನಪೇ ಇಲ್ಲ ಸಾರ್."

"ಏನೋ ಮಾತಾಡ್ತಾ ಇದ್ದೀರಿ ನೋಡಿ," ಎಂದ ಸೂಪರ್‌ವೈಸರ್, ಧ್ವನಿ ತಗ್ಗಿಸಿ. "ಮೂರು ದಿನವೂ ಹಾಗೇ."

ಸದ್ದಿಲ್ಲದ ಚಿತ್ರ. ಆದರೂ ಆ ತುಟಿಗಳು ಹೇಳುತ್ತಿದ್ದುದು ಅವಳಿಗೆ ತಿಳಿಯಿತು. ಇನ್ನೊಂದೇ ತುತ್ತು. ಇನ್ನೊಂದೇ ತುತ್ತು.

ಆ ಕೈಯೊಳಗೆ ಹೊಕ್ಕಿದ್ದು ಅಕ್ಕನ ಬೇಡಿಕೆಯೋ, ಬಸ್ ನಿಲ್ದಾಣದ ಆ ಮಾತೋ? ಅಕ್ಕನ ಮೇಲಿನ ಮರುಕವೋ, ಅಕ್ಕನಿಂದ ಬಿಡುಗಡೆಯೋ?

ನಿನ್ನೆ ಆಸ್ಪತ್ರೆಯಿಂದ ಕಾರ್ಖಾನೆಗೆ ಬಂದವಳೇ ಅವಳು ಮುಳುಗಿಸದ ಒಂದು ತುಂಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು, ಕೆಂಪು ದಾರ ಕಟ್ಟಿ ಹಿಮಪೆಟ್ಟಿಗೆಗೆ ಹಾಕಿದ್ದಳು. ಅದೊಂದು ಮುಳುಗಿರಲು ಸಾಧ್ಯವೇ ಇಲ್ಲ. ನಿನ್ನೆಯದನ್ನೂ ತೋರಿಸಿ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಕಲ್ಲಿನಂತೆ ಹಿಮಗಟ್ಟಿದ್ದ ಆ ತುಂಡನ್ನು ಡಬ್ಬಿಗೆ ಹಾಕಿಕೊಂಡು, ಅರ್ಧ ದಿನದ ರಜೆ ಹೇಳಿ ಮನೆಗೆ ಬಂದಳು.

ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಳು. ತೂಕದಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದಳು. ಅಕ್ಕನ ತುಂಬಿದ ಮುಖದಲ್ಲಿ ಆಶ್ಚರ್ಯದ ಒಂದು ಗೆರೆಯೂ ಮೂಡಲಿಲ್ಲ.

"ಗೊತ್ತಿತ್ತು ಕಣೇ. ಮೊದಲನೇ ತುತ್ತಲ್ಲೇ ಗೊತ್ತಾಯ್ತು. ನಾಲಿಗೆ ಮೇಲೆ ಸೋಪಿನ ಹಾಗೆ ಜಾರುತ್ತೆ ಅದು. ಇಪ್ಪತ್ತು ವರ್ಷ ಮುಳುಗಿಸಿದೋಳು, ನಂಗೊತ್ತಾಗಲ್ವಾ?"

"ಮತ್ತೆ ಯಾಕಕ್ಕಾ ತಿಂದೆ?"

"ಪಾಪ, ನೀನು ಸುಸ್ತಾಗಿಬಿಟ್ಟಿದ್ದೀಯ ಅಂದ್ಕೊಂಡೆ," ಎಂದಳು ಅಕ್ಕ, ಮೆಲ್ಲಗೆ. "ಬಾಯಿಬಿಟ್ಟು ಹೇಳೋಕಾಗ್ದೆ ಹೀಗೆ ಮಾಡ್ತಿದ್ದೀಯ ಅಂತ. ಅದಕ್ಕೇ ಸುಮ್ನೆ ತಿಂದೆ."

"ಇಲ್ಲಕ್ಕಾ. ಇವತ್ತಿಂದು ಮುಳುಗಿಸಿಲ್ಲ. ನೋಡು ಬೇಕಾದ್ರೆ," ಎಂದು ತೂಕದಮ್ಮ ಗಡಬಡಿಸಿ ತುಂಡನ್ನು ತರಕಾರಿಯ ಬಲೆಚೀಲಕ್ಕೆ ಹಾಕಿ, ಮೇಜಿನ ಮೇಲೆ ತೂಗುತ್ತಿದ್ದ ದೀಪದ ಕೊಕ್ಕೆಗೆ ಸಿಕ್ಕಿಸಿ, ಕೆಳಗೆ ತಟ್ಟೆ ಇಟ್ಟಳು.

ಅಕ್ಕತಂಗಿಯರು ಎದುರುಬದುರು ಕುಳಿತು ಕಾದರು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಮಂಜು ಬಿಟ್ಟು ತುಂಡು ಮೆತ್ತಗಾಯಿತು. ಕೆಂಪು ದಾರದ ನಡುವೆ ಉಬ್ಬಿ, ಹೊಳೆಯಿತು. ಅಕ್ಕ ಮೊಣಕೈ ಕೆರೆದುಕೊಳ್ಳುತ್ತಿದ್ದಳು. ಒಂದು ಗಂಟೆಯಾಯಿತು, ಎರಡಾಯಿತು. ತಟ್ಟೆ ಒಣಗಿಯೇ ಇತ್ತು.

ತೂಕದಮ್ಮ ಇನ್ನೂ ಹತ್ತಿರ ಬಾಗಿದಳು. ಅವಳಿಗೇ ತಿಳಿಯದಂತೆ ಕಣ್ಣು ತುಂಬಿ, ಒಂದು ಹನಿ ತಟ್ಟೆಗೆ ಬಿತ್ತು.

"ನೋಡು, ತೊಟ್ಟಿಕ್ತು," ಎಂದಳು ಅಕ್ಕ, ತಂಗಿಯ ಮುಖವನ್ನೇ ನೋಡುತ್ತ, ಮಗುವನ್ನು ರಮಿಸುವ ದನಿಯಲ್ಲಿ. "ಚೆನ್ನಾಗಿದೆ ಬಿಡು. ಹೋಗು, ಬೇಯಿಸು."

ತೂಕದಮ್ಮ ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಅವಳ ಬಲಗೈ ಮೇಲೆದ್ದು, ಚೀಲವನ್ನು ಕೊಕ್ಕೆಯಿಂದ ಬಿಡಿಸಿಕೊಂಡು, ಒಲೆಯ ಮೇಲಿನ ಬಾಣಲೆಯತ್ತ ಚಾಚಿತ್ತು. ಅವಳು ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದಳು. ಇದ್ದ ಬಲವನ್ನೆಲ್ಲ ಹಾಕಿ ಹಿಡಿದುಕೊಂಡಳು.

"ಅಕ್ಕಾ, ನೀನೂ ಹಿಡ್ಕೋ," ಎಂದಳು.